ದ್ವೀಪವಾಸವೂ ವಾನಪ್ರಸ್ಥವೂ

ಈ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ಸದಸ್ಯರೂ ನನ್ನ ಬಹುಕಾಲದ ಮಿತ್ರರೂ ಆದ ಮಹನೀಯರೊಬ್ಬರು, ಉದ್ಯೋಗದಿಂದ ನಿವೃತ್ತರಾದವರು ಶೇಷಾಯುಷ್ಯವನ್ನು ಎಲ್ಲಿ ಕಳೆಯತಕ್ಕದ್ದೆಂಬ ವಿಷಯವಾಗಿ ಒಂದು ಲೇಖನವನ್ನು ಬರೆದಿದ್ದರು. ವಾಚಕರಲ್ಲಿ ಅನೇಕರು ಅದನ್ನು ಓದಿ ಸಂತೋಷಪಟ್ಟರೆಂದು ಕೇಳಿದ್ದೇನೆ. ಭಾಷೆ ತಿಳಿಯಾಗಿತ್ತು, ತೆಂಗಿನ ತೋಪು, ಕಡಲ ತಡಿ, ಸಂಜೆಯ ಗಾಳಿ ಇವುಗಳ ವರ್ಣನೆ ಸೊಗಸಾಗಿತ್ತು. ಆದರೆ ಭಾಷೆ ತಿಳಿಯಾದ ಮಾತ್ರಕ್ಕೆ ಅದರೊಳಗಿನ ವಿಚಾರವೂ ತಿಳಿಯಾಗಿರಬೇಕೆಂಬ ನಿಯಮವಿಲ್ಲ. ಮಿತ್ರರ ಮೇಲೆ ನನಗೆ ಅಸೂಯೆಯಿಲ್ಲ; ಲೇಖನದ ಮೇಲೆ ಆಕ್ಷೇಪಣೆಯಿದೆ. ಅದನ್ನು ಅರಿಕೆಮಾಡಿಕೊಳ್ಳಲು ಸಂಪಾದಕರು ಅವಕಾಶವಿತ್ತಿದ್ದಾರೆ.

ಪ್ರತಿವಾದಿಯ ಮಾತನ್ನು ಅವನು ಹೇಳಿದುದಕ್ಕಿಂತಲೂ ಚೆನ್ನಾಗಿ ಹೇಳಿದ ಮೇಲಲ್ಲದೆ ಖಂಡಿಸಕೂಡದೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಕಟ್ಟುಮಾಡಿದ್ದರು. ಆದುದರಿಂದ ಮೊದಲು ಪೂರ್ವಪಕ್ಷ. ಮಿತ್ರರು ಉದಾಹರಣೆಗೆ ಹಿಡಿದದ್ದು ಕರೀಬಿಯನ್ ಸಮುದ್ರದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಅಧೀನದಲ್ಲಿರುವ ಪೋರ್ಟೊ ರಿಕೊ ದ್ವೀಪವನ್ನು. ಅವರ ವಾದ ಮೂರು ಅಂಗಗಳುಳ್ಳದ್ದು. ಒಂದು: ಬೆಚ್ಚನೆಯ ದ್ವೀಪದಲ್ಲಿ ನಿಶ್ಚಿಂತೆಯಿಂದ ವಾಸಿಸುವುದೇ ಈ ಕಾಲಕ್ಕೆ ತಕ್ಕ ವಾನಪ್ರಸ್ಥ. ಎರಡು: ಸ್ಥಳವನ್ನಾರಿಸುವಲ್ಲಿ ತೆರಿಗೆ ಎಲ್ಲಿ ಕಡಮೆ, ಹವೆ ಎಲ್ಲಿ ಹಿತ ಎಂಬುದನ್ನು ನೋಡತಕ್ಕದ್ದೇ ಹೊರತು, ಅಜ್ಜಿಯ ಮನೆ ಎಲ್ಲಿತ್ತೆಂಬುದನ್ನಲ್ಲ, ಬೇರು ಬೇರೆನ್ನುವುದು ಕೂಪಮಂಡೂಕನ ವ್ಯಾಮೋಹ. ಮೂರು: ಆ ದ್ವೀಪದ ಸಂತಾನದವರೇ ಲಕ್ಷಗಟ್ಟಲೆ ಜನ ನ್ಯೂಯಾರ್ಕಿನ ಚಳಿಯಲ್ಲಿ ಕುಳಿತು, ಒಂದು ದಿನ ಹಿಂದಿರುಗುವೆವೆಂದು ಕನಸು ಕಾಣುತ್ತ ಮುದುಕರಾಗುತ್ತಾರೆ, ನಾಲ್ಕು ಗಂಟೆಯ ವಿಮಾನಯಾನ, ರಹದಾರಿಯ ತೊಡಕಿಲ್ಲ, ಹೋಗದಿರುವುದು ಅವರ ನಿರ್ಧಾರಹೀನತೆಯೇ ಹೊರತು ಮತ್ತೇನಲ್ಲ.

ಈ ಮೂರಕ್ಕೂ ಕ್ರಮವಾಗಿ ಉತ್ತರ ಹೇಳುತ್ತೇನೆ. ಮೂರನೆಯದು ಬರಿಯ ತಪ್ಪಲ್ಲ, ಅನ್ಯಾಯವೆಂಬುದು ನನ್ನ ಅಭಿಪ್ರಾಯ. ಈ ಲೇಖನ ಮುಖ್ಯವಾಗಿ ಅದಕ್ಕಾಗಿಯೇ.

ಮೊದಲನೆಯದು ಸುಲಭ. ಮನುಸ್ಮೃತಿಯ ಆರನೆಯ ಅಧ್ಯಾಯವನ್ನು ತೆರೆದು ನೋಡಿದವರಿಗೆ ವಾನಪ್ರಸ್ಥವೆಂದರೇನೆಂಬುದು ವಿದಿತವೇ ಸರಿ. ಮೈ ಸುಕ್ಕುಗಟ್ಟಿ, ತಲೆ ನರೆತು, ಮಗನ ಮಗನನ್ನು ಕಂಡ ಗೃಹಸ್ಥನು ಊರಿನ ಆಹಾರವನ್ನೂ ಮನೆಯ ಸಾಮಗ್ರಿಯನ್ನೂ ಬಿಟ್ಟು ಅರಣ್ಯಕ್ಕೆ ಹೋಗತಕ್ಕದ್ದು. ಅದು ಬಿಡುವ ಕ್ರಮ, ಹಿಡಿಯುವ ಕ್ರಮವಲ್ಲ. ಗಳಿಸಿದ್ದರಲ್ಲಿ ಒಂದು ಕಾಸೂ ಸರಕಾರದ ಪಾಲಾಗದಂತೆ ನೋಡಿಕೊಳ್ಳುವುದಕ್ಕಾಗಿ ಸಮುದ್ರ ದಾಟುವವನು ಯಾವ ಆಶ್ರಮದಲ್ಲಿದ್ದರೂ ಇರಲಿ, ವಾನಪ್ರಸ್ಥದಲ್ಲಿಲ್ಲ. ಬೆಚ್ಚನೆಯ ಕಡೆ ಸುಖವಾಗಿರಬೇಕೆಂಬ ಆಸೆ ತಪ್ಪೆಂದು ನಾನು ಹೇಳುವವನಲ್ಲ. ಕೀಲುನೋವಿರುವ ನನಗೂ ಅದು ಇದೆ. ಆದರೆ ಸುಖಕ್ಕೆ ಸುಖವೆಂದೇ ಹೆಸರಿರಲಿ. ತಪಸ್ಸಿನ ಹೆಸರನ್ನು ಅದಕ್ಕೆ ತೊಡಿಸುವುದು ಬೇಡ.

ಎರಡನೆಯ ಮತ್ತು ಮೂರನೆಯ ಅಂಗಗಳಿಗೆ ಬರುವ ಮುನ್ನ, ಜಿಲ್ಲೆಯ ಶಾಲೆಗಳಲ್ಲಿ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿಕೊಂಡಿದ್ದ ನನಗೆ ಆ ದ್ವೀಪದ ವಿಚಾರವೇನು ಗೊತ್ತೆಂದು ಕೇಳುವವರಿಗೆ ಉತ್ತರ ಹೇಳಬೇಕು. 2023ರ ಬೇಸಿಗೆಯಲ್ಲಿ ನಾನು ನ್ಯೂಯಾರ್ಕಿನಲ್ಲಿ ಮಗಳ ಮನೆಯಲ್ಲಿ ಐದು ತಿಂಗಳಿದ್ದೆ. ಅವಳು ಹಗಲೆಲ್ಲ ಕೆಲಸಕ್ಕೆ ಹೋಗುತ್ತಿದ್ದುದರಿಂದ ನಾನು ಬ್ರಾಂಕ್ಸ್ ಭಾಗದ ಬೀದಿಗಳಲ್ಲಿ ನಡೆದಾಡುತ್ತಿದ್ದೆ. ಅಲ್ಲಿ ದೊಡ್ಡ ಕಟ್ಟಡಗಳ ನಡುವೆ ಒಂದು ಖಾಲಿ ನಿವೇಶನ. ಅದರಲ್ಲಿ ಬಣ್ಣ ಬಳಿದ ಒಂದು ಪುಟ್ಟ ಮರದ ಮನೆ, ಮುಂದೆ ಜಗಲಿ, ಸುತ್ತ ಜೋಳ, ಹುರುಳಿಕಾಯಿ, ಮೆಣಸಿನ ಗಿಡ. ಇಂಥ ಮನೆಗಳಿಗೆ ಕಾಸಿತಾ ಎಂದು ಹೆಸರು. 1970ರ ದಶಕದಲ್ಲಿ ಆ ಭಾಗದ ಕಟ್ಟಡಗಳು ಸುಟ್ಟು ಪಾಳುಬಿದ್ದಾಗ, ಪೋರ್ಟೊ ರಿಕೊದಿಂದ ಬಂದು ನೆಲಸಿದ್ದವರು ಕಸ ತೆಗೆದು, ತಮ್ಮ ದ್ವೀಪದ ಹಳ್ಳಿಮನೆಯ ಮಾದರಿಯಲ್ಲಿ ಇವನ್ನು ಕಟ್ಟಿಕೊಂಡರು. ಜಗಲಿ ಕಂಡರೆ ಕುಳಿತುಕೊಳ್ಳುವುದು ನಮ್ಮವರ ಜಾತಿಗುಣ. ನಾನು ಕುಳಿತೆ. ಹೀಗೆ ಆ ವೃದ್ಧನ ಪರಿಚಯವಾಯಿತು.

ಅವನು ಆ ದ್ವೀಪದ ನಡುವಣ ಬೆಟ್ಟಸೀಮೆಯಲ್ಲಿ, ಕಾಫಿ ಬೆಳೆಯುವ ಲಾರೆಸ್ ಊರಿನ ಹತ್ತಿರ ಹುಟ್ಟಿದವನು. 1950ರ ದಶಕದಲ್ಲಿ ಐದು ವರ್ಷದ ಮಗುವಾಗಿದ್ದಾಗ ತಾಯಿಯೊಡನೆ ವಿಮಾನವೇರಿ ನ್ಯೂಯಾರ್ಕಿಗೆ ಬಂದ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಗರದ ಬಸ್ಸು ನಡೆಸಿದ, ನಿವೃತ್ತನಾದ. ಅವನೊಡನೆ ಅವನಿಗಿಂತ ಆರು ವರ್ಷ ಹಿರಿಯಳಾದ ಅಕ್ಕ. ಅವಳು ಜೀವಮಾನವೆಲ್ಲ ಪರರ ಮಕ್ಕಳನ್ನು ಸಾಕಿದವಳು, ಮನೆಯಲ್ಲೇ ಕುಳಿತು ಬಟ್ಟೆ ಹೊಲಿದವಳು. ಲೆಕ್ಕಕ್ಕೆ ಬಾರದ ದುಡಿಮೆ, ಆದುದರಿಂದ ಲೆಕ್ಕಕ್ಕೆ ಬರುವ ನಿವೃತ್ತಿವೇತನವಿಲ್ಲ. ದಿನವೂ ಇಬ್ಬರೂ ಆ ಜಗಲಿಗೆ ಬರುತ್ತಿದ್ದರು. ದಿನವೂ ಒಂದೇ ಮಾತು: ಬೆಟ್ಟದ ಮೇಲೆ ಅಜ್ಜಿಯ ಮನೆ ಈಗಲೂ ಇದೆ, ದೊಡ್ಡಪ್ಪನ ಮಗ ಅಲ್ಲಿದ್ದಾನೆ, ಬಾಳೆ ಹಾಕಿದ್ದಾನೆ, ನಾವೂ ಹೋಗಬೇಕು. ಮಿತ್ರರು ಹಾಸ್ಯಮಾಡಿದ ಕನಸುಗಾರರು ಇವರೇ. ಹಾಗಾದರೆ ಏಕೆ ಹೋಗಲಿಲ್ಲವೆಂದು ನಾನೂ ಕೇಳಿದೆ. ಉತ್ತರವನ್ನು ಸಕಾಲದಲ್ಲಿ ಹೇಳುತ್ತೇನೆ.

ಮೊದಲು ಅವರು ಅಲ್ಲಿಗೆ ಬಂದುದೇಕೆಂಬುದನ್ನು ವಾಚಕರು ತಿಳಿಯಬೇಕು. ನಾಲ್ಕು ಶತಮಾನ ಸ್ಪೇನಿನ ವಶದಲ್ಲಿದ್ದ ಆ ದ್ವೀಪವನ್ನು 1898ರ ಯುದ್ಧದಲ್ಲಿ ಅಮೆರಿಕಾ ಗೆದ್ದುಕೊಂಡಿತು. 1917ರಲ್ಲಿ ಅಲ್ಲಿನವರಿಗೆ ಪೌರತ್ವ ಬಂದಿತು. ಎಂಥ ಪೌರತ್ವ? ದ್ವೀಪದಲ್ಲಿ ವಾಸಿಸುವವರೆಗೆ ಅಧ್ಯಕ್ಷನ ಚುನಾವಣೆಯಲ್ಲಿ ಮತವಿಲ್ಲ. ಕಾಂಗ್ರೆಸ್ಸಿನ ಕೆಳಮನೆಯಲ್ಲಿ ಅವರ ಒಬ್ಬ ಪ್ರತಿನಿಧಿಗೆ ಮಸೂದೆಗಳ ಅಂತಿಮ ಮತದಾನದಲ್ಲಿ ಪಾಲಿಲ್ಲ. ಮೇಲ್ಮನೆಯಲ್ಲಿ ಯಾರೂ ಇಲ್ಲ. ಅದೇ ಮನುಷ್ಯ ನ್ಯೂಯಾರ್ಕಿಗೆ ಬಂದು ನೆಲಸಿದರೆ ಮತ ಬರುತ್ತದೆ, ಹಿಂದಿರುಗಿದರೆ ಹೋಗುತ್ತದೆ. ಮನುಷ್ಯನಲ್ಲಿ ಬದಲಾವಣೆಯಿಲ್ಲ; ಅವನ ಕಾಲಕೆಳಗಿನ ನೆಲದಲ್ಲಿ ಮಾತ್ರ. 1901ರಿಂದ ಮೊದಲ್ಗೊಂಡು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಕೊಟ್ಟ ದ್ವೀಪವ್ಯಾಜ್ಯಗಳ ತೀರ್ಪುಗಳು ಇಂಥ ನೆಲವನ್ನು, ಮನೆಗೆ ಸೇರಿಯೂ ಮನೆಯೊಳಗಲ್ಲದ ಜಗಲಿಯಂತೆ ಮಾಡಿಟ್ಟವು.

1940ರ ದಶಕದ ಕೊನೆಯಿಂದ ದ್ವೀಪದಲ್ಲಿ ಕಾರ್ಖಾನೆಗಳನ್ನು ಬೆಳೆಸುವ ದೊಡ್ಡ ಯೋಜನೆ ನಡೆಯಿತು. ಕಬ್ಬಿನ ಗದ್ದೆ, ಕಾಫಿ ತೋಟಗಳಿಂದ ಕೆಲಸ ತಪ್ಪಿದವರೆಲ್ಲರಿಗೂ ಕಾರ್ಖಾನೆಯಲ್ಲಿ ಎಡೆಯಿರಲಿಲ್ಲ. ಉಳಿದವರು ವಿಮಾನವೇರಿದರು. 1950ರಿಂದ 1960ರ ವರೆಗಿನ ಹತ್ತೇ ವರ್ಷಗಳಲ್ಲಿ ಹೀಗೆ ಹೊರಟುಹೋದವರು ನಾಲ್ಕು ಲಕ್ಷಕ್ಕೂ ಮಿಕ್ಕವರು. ಅಂದು ಆರಂಭವಾದ ಹರಿವು ಇಂದಿಗೂ ನಿಂತಿಲ್ಲ. 2010ರ ಗಣತಿಯಲ್ಲಿ ದ್ವೀಪದ ಜನಸಂಖ್ಯೆ 37,25,789, 2020ರಲ್ಲಿ 32,85,874. ದ್ವೀಪದ ಸಂತಾನದವರು ಐವತ್ತು ಲಕ್ಷಕ್ಕೂ ಮಿಕ್ಕು ಹೊರಗಿದ್ದಾರೆ. ಒಳಗಿರುವವರಿಗಿಂತ ಹೊರಗಿರುವವರೇ ಹೆಚ್ಚು. ಇವರು ವಿಹಾರಕ್ಕೆ ಹೋದವರಲ್ಲ. ಹಸಿವಿನಿಂದಲೂ ಕೆಲಸದ ಅಭಾವದಿಂದಲೂ ಹೋದವರು ಮುಪ್ಪಿನಲ್ಲಿ ಮರಳಬೇಕೆನ್ನುವುದನ್ನು ವ್ಯಾಮೋಹವೆನ್ನಬಹುದೆ?

ಈಗ ತೆರಿಗೆಯ ಮಾತು. ದ್ವೀಪದಲ್ಲಿ ನೆಲಸಿದವರ ದ್ವೀಪಸಂಬಂಧವಾದ ವರಮಾನಕ್ಕೆ ಅಮೆರಿಕಾ ಕೇಂದ್ರ ಸರಕಾರದ ವರಮಾನ ತೆರಿಗೆಯಿಲ್ಲವೆಂಬುದು ಬಹುಕಾಲದ ಕಾನೂನು. 2012ರಲ್ಲಿ ದ್ವೀಪದ ಸರಕಾರ ಇದಕ್ಕೆ ಇನ್ನೊಂದು ಶಾಸನವನ್ನು ಜೋಡಿಸಿತು. ಹೊರಗಿನಿಂದ ಹೊಸದಾಗಿ ಬಂದು ನೆಲಸುವ ಧನಿಕನಿಗೆ ಬಡ್ಡಿ, ಲಾಭಾಂಶ, ಬಂದ ಮೇಲೆ ಬೆಳೆದ ಆಸ್ತಿಯ ಲಾಭ ಇವುಗಳ ಮೇಲೆ ದ್ವೀಪದ ತೆರಿಗೆಯನ್ನೂ ಅದು ಮಾಫಿಮಾಡಿತು. 2019ರಲ್ಲಿ ಇದನ್ನು ಅರುವತ್ತನೆಯ ಶಾಸನವೆಂಬ ಸಂಹಿತೆಯೊಳಗೆ ಸೇರಿಸಿದರು. ಮನೆ ಕೊಳ್ಳಬೇಕು, ವರ್ಷಕ್ಕೆ ಹತ್ತು ಸಾವಿರ ಡಾಲರು ಧರ್ಮಕಾರ್ಯಗಳಿಗೆ ಕೊಡಬೇಕು, ವಾಸ ನಿಜವೆಂದು ತೋರಿಸಬೇಕು, ಇಷ್ಟೇ ನಿಬಂಧನೆ. ಮೊದಲಿನಿಂದ ಅಲ್ಲಿಯೇ ಬಾಳುತ್ತಿದ್ದವರಿಗೆ ಈ ವಿನಾಯಿತಿಯಿಲ್ಲ. ಬಿರುಗಾಳಿಗೂ ಬಡತನಕ್ಕೂ ಬೆನ್ನು ತಿರುಗಿಸದೆ ನಿಂತವನು ತೆರಿಗೆ ತೆರಬೇಕು. ನಿನ್ನೆ ಬಂದವನು ತೆರಬೇಕಾಗಿಲ್ಲ. ಬಹುಕಾಲ ಹೊರಗಿದ್ದ ದ್ವೀಪಸಂತಾನಕ್ಕೂ ಕಾಗದದ ಮೇಲೆ ಈ ಬಾಗಿಲು ತೆರೆದೇ ಇದೆಯೆಂದು ಮಿತ್ರರು ಹೇಳಬಹುದು. ಅಹುದು, ತೆರೆದಿದೆ. ಆದರೆ ಬಸ್ಸು ನಡೆಸಿದವನಿಗೂ ಬಟ್ಟೆ ಹೊಲಿದವಳಿಗೂ ಲಾಭಾಂಶವೆಲ್ಲಿಯದು? ಹಲ್ಲಿಲ್ಲದವನಿಗೆ ಕಡಲೆಯ ದಾನ ಮಾಡಿದಂತಾಯಿತು.

ಇನ್ನು ಆ ಅಕ್ಕನ ವಿಷಯ. ನಿವೃತ್ತಿವೇತನವಿಲ್ಲದ ಬಡ ವೃದ್ಧರಿಗೂ ಕುರುಡರಿಗೂ ಅಂಗವಿಕಲರಿಗೂ ಅಮೆರಿಕಾ ಸರಕಾರ ಪೂರಕ ಭದ್ರತಾ ವರಮಾನವೆಂಬ ಮಾಸಾಶನವನ್ನು ಕೊಡುತ್ತದೆ. 1972ರಲ್ಲಿ ಇದರ ಶಾಸನವಾಯಿತು. ಐವತ್ತು ಸಂಸ್ಥಾನಗಳಲ್ಲಿ ಉಂಟು, ರಾಜಧಾನಿಯಲ್ಲಿ ಉಂಟು, ಪೆಸಿಫಿಕ್ ಸಾಗರದಲ್ಲಿರುವ ಉತ್ತರ ಮರಿಯಾನಾ ದ್ವೀಪಗಳಲ್ಲೂ ಉಂಟು. ಪೋರ್ಟೊ ರಿಕೊದಲ್ಲಿ ಇಲ್ಲ. ನ್ಯೂಯಾರ್ಕಿನಲ್ಲಿ ಅದನ್ನು ಪಡೆಯುವವಳು ದ್ವೀಪಕ್ಕೆ ಹೋಗಿ ನೆಲಸಿದರೆ ಅದು ನಿಂತುಹೋಗುತ್ತದೆ. ನೆಲಸುವ ಮಾತಿರಲಿ, ಒಂದೇ ಸಮನೆ ಮೂವತ್ತು ದಿನ ಅಲ್ಲಿದ್ದರೂ, ಪರದೇಶಕ್ಕೆ ಹೋದವಳೆಂದು ಎಣಿಸಿ ನಿಲ್ಲಿಸುತ್ತಾರೆ. ತೌರಿಗೆ ಹೋದ ಹೆಣ್ಣುಮಗಳು ಇಪ್ಪತ್ತೊಂಬತ್ತು ದಿನ ಸ್ವದೇಶದಲ್ಲಿದ್ದಂತೆ, ಮೂವತ್ತನೆಯ ದಿನ ವಿದೇಶದಲ್ಲಿದ್ದಂತೆ! ತಮ್ಮನಿಗೆ ತಾನು ದುಡಿದು ಗಳಿಸಿದ ನಿವೃತ್ತಿವೇತನ ಎಲ್ಲಿದ್ದರೂ ಬರುತ್ತದೆ, ಅವನು ಹೋಗಬಹುದು. ಅಕ್ಕ ಹೋಗುವಂತಿಲ್ಲ. ಅಕ್ಕನನ್ನು ಬಿಟ್ಟು ತಮ್ಮ ಹೋಗಲೊಲ್ಲ. ನಾನು ಕೇಳಿದ ಪ್ರಶ್ನೆಗೆ ಅವನು ಕೊಟ್ಟ ಉತ್ತರವಿದು. ಮಿತ್ರರು ನಿರ್ಧಾರಹೀನತೆಯೆಂದು ಕರೆದದ್ದು ಇದನ್ನು.

ಇದು ಒಂದು ಕುಟುಂಬದ ಕಥೆಯೆಂದು ಯಾರೂ ತಳ್ಳಿಹಾಕಬಾರದು. ಸರ್ವೋಚ್ಚ ನ್ಯಾಯಾಲಯದ ಕಡತದಲ್ಲೇ ಇಂಥ ಒಂದು ವ್ಯಾಜ್ಯವಿದೆ. ದ್ವೀಪದಲ್ಲಿ ಹುಟ್ಟಿ 1985ರಲ್ಲಿ ನ್ಯೂಯಾರ್ಕಿಗೆ ಹೋದ ಒಬ್ಬನು, ಕಾಯಿಲೆಯಿಂದ ದುಡಿಯಲಾರದೆ 2012ರಿಂದ ಈ ಮಾಸಾಶನವನ್ನು ಪಡೆಯುತ್ತಿದ್ದನು. 2013ರಲ್ಲಿ ದ್ವೀಪಕ್ಕೆ ಮರಳಿದನು. ಕೆಲವು ಕಾಲದ ಮೇಲೆ ಸರಕಾರಕ್ಕೆ ಇದು ತಿಳಿದು, ಮಾಸಾಶನ ನಿಂತದ್ದಲ್ಲದೆ, ಅದುವರೆಗೆ ಕೊಟ್ಟ 28,081 ಡಾಲರನ್ನು ಹಿಂದಕ್ಕೆ ಕೊಡಬೇಕೆಂದು ಅವನ ಮೇಲೆ ದಾವೆ ಬಿದ್ದಿತು. ಕೆಳಗಿನ ನ್ಯಾಯಾಲಯಗಳು ಅವನ ಪರವಾಗಿ ತೀರ್ಪಿತ್ತವು. ಆದರೆ 2022ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಎಂಟು ಮಂದಿ ನ್ಯಾಯಾಧೀಶರು ಅವುಗಳನ್ನು ತಳ್ಳಿಹಾಕಿ, ದ್ವೀಪದವರಿಗೆ ಇದನ್ನು ಕೊಡುವುದೂ ಬಿಡುವುದೂ ಕಾಂಗ್ರೆಸ್ಸಿನ ಇಚ್ಛೆಯೆಂದರು. ತಾನೂ ಪೋರ್ಟೊ ರಿಕೊ ದಂಪತಿಗಳ ಮಗಳಾದ ಸೊಟೊಮೇಯರ್ ಎಂಬ ಒಬ್ಬ ನ್ಯಾಯಾಧೀಶೆ ಮಾತ್ರ ಭಿನ್ನಮತವಿತ್ತಳು.

ಬಹುಮತದ ತೀರ್ಪಿನಲ್ಲಿ ತೋರಿಸಿದ ಕಾರಣವೇನು? ದ್ವೀಪವಾಸಿಗಳು ಸಾಮಾನ್ಯವಾಗಿ ಕೇಂದ್ರದ ವರಮಾನ ತೆರಿಗೆ ಮುಂತಾದುವನ್ನು ತೆರುವುದಿಲ್ಲ. ಆದುದರಿಂದ ಕೇಂದ್ರದ ಈ ನೆರವನ್ನು ಅವರಿಗೆ ಕೊಡದಿರುವುದು ಯುಕ್ತಿಗೆ ವಿರುದ್ಧವಲ್ಲ. ನ್ಯಾಯಾಧೀಶರ ಪಾಂಡಿತ್ಯದ ಮುಂದೆ ನಾನು ಅಲ್ಪನು. ಆದರೆ ತರ್ಕಸಂಗ್ರಹವನ್ನು ಓದಿದ ಬಾಲಕನೂ ಇಲ್ಲಿ ಕೈಯೆತ್ತಿಯಾನು. ಕೊಂಬಿದೆ, ಆದುದರಿಂದ ಇದು ಹಸುವೆಂದರೆ, ಎಮ್ಮೆಗೂ ಕೊಂಬಿದೆಯಲ್ಲವೆ? ಈ ಹೇತ್ವಾಭಾಸಕ್ಕೆ ಸವ್ಯಭಿಚಾರವೆಂದು ಹೆಸರು. ತೆರಿಗೆ ತೆರದವರಿಗೆ ನೆರವು ಸಲ್ಲದೆಂದರೆ, ನ್ಯೂಯಾರ್ಕಿನಲ್ಲಿ ಆ ಮಾಸಾಶನವನ್ನು ಪಡೆಯುವ ಮುದುಕಿ ವರಮಾನ ತೆರಿಗೆ ತೆರುತ್ತಾಳೆಯೆ? ತೆರುವಷ್ಟು ವರಮಾನವಿದ್ದರೆ ಅವಳಿಗೆ ಮಾಸಾಶನವೇ ಬರುತ್ತಿರಲಿಲ್ಲ. ಭಿನ್ನಮತವಿತ್ತ ನ್ಯಾಯಾಧೀಶೆಯೂ ಇದನ್ನೇ ಎತ್ತಿ ಹೇಳಿದ್ದಾಳೆ. ತೆರಿಗೆ ತೆರದಿರುವುದು ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ನೆರವು ಅಲ್ಲಿ ಉಂಟು, ಇಲ್ಲಿ ಇಲ್ಲ.

ಇದಕ್ಕಿಂತಲೂ ವಿಚಿತ್ರವಾದುದನ್ನು ವಾಚಕರು ಗಮನಿಸಬೇಕು. ದ್ವೀಪದಲ್ಲಿ ವಾಸಿಸಿದರೆ ಕೇಂದ್ರದ ತೆರಿಗೆಯಿಲ್ಲವೆಂಬ ಒಂದೇ ನಿಯಮ ಧನಿಕನ ಪಾಲಿಗೆ ಆಹ್ವಾನಪತ್ರಿಕೆಯಾಯಿತು. ಬಡ ವೃದ್ಧೆಯ ಪಾಲಿಗೆ ಬಹಿಷ್ಕಾರಪತ್ರಿಕೆಯಾಯಿತು. ಬೇರಿಲ್ಲದವನು ಬಂದರೆ ಬಹುಮಾನ, ಬೇರಿರುವವಳು ಬಂದರೆ ದಂಡ. ಬೇರಿನ ಮಾತು ಬಿಟ್ಟು ತೆರಿಗೆಯನ್ನು ನೋಡಿ ಸ್ಥಳವನ್ನಾರಿಸತಕ್ಕದ್ದೆಂಬ ಮಿತ್ರರ ನೀತಿಯನ್ನು ಒಂದು ರಾಜ್ಯವೇ ಅನುಸರಿಸಿದರೆ ಏನಾಗುವುದೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಆದರೆ ದ್ವೀಪಕ್ಕೆ ಬಂಡವಾಳ ಬೇಡವೆ, ಸಾಲದಲ್ಲಿ ಮುಳುಗಿದ ಊರು ಧನಿಕರನ್ನು ಕರೆಯದೆ ಮತ್ತಾರನ್ನು ಕರೆಯಬೇಕು, ಎಂದು ಮಿತ್ರರು ಕೇಳುವರು. ಪ್ರಶ್ನೆ ಸರಿಯಾದದ್ದೇ. ಏಳು ಸಾವಿರ ಕೋಟಿ ಡಾಲರಿಗೂ ಮಿಕ್ಕ ಸಾಲವನ್ನು ಹೊತ್ತ ಆ ಸರಕಾರ 2015ರಲ್ಲಿ ತೀರಿಸಲಾರೆನೆಂದು ಕೈಚೆಲ್ಲಿತು. 2016ರಲ್ಲಿ ಕಾಂಗ್ರೆಸ್ಸು ಅದರ ಮೇಲೆ ಒಂದು ಹಣಕಾಸಿನ ಮಂಡಲಿಯನ್ನು ಕೂರಿಸಿತು. 2017ರಲ್ಲಿ ದ್ವೀಪ ದಿವಾಳಿತನದ ವಿಚಾರಣೆಗೆ ಒಳಗಾಯಿತು. ಆಗ ಮಿತವ್ಯಯದ ಕತ್ತಿ ಬಿದ್ದದ್ದು ಯಾರ ಮೇಲೆ? 2018ರ ಒಂದೇ ವರ್ಷದಲ್ಲಿ ಸುಮಾರು 250 ಸರಕಾರಿ ಶಾಲೆಗಳನ್ನು ಮುಚ್ಚಿದರು. 2022ರಲ್ಲಿ ಸಾಲದ ಒಪ್ಪಂದ ಜಾರಿಗೆ ಬಂದಾಗ ಉಪಾಧ್ಯಾಯರ ಹಳೆಯ ನಿವೃತ್ತಿವೇತನದ ಪದ್ಧತಿಯನ್ನು ಸ್ಥಗಿತಗೊಳಿಸಿದರು. ಸಾಮಾಜಿಕ ಭದ್ರತೆಯ ವೇತನಕ್ಕೆ ಹಣ ಕಟ್ಟಿರದಿದ್ದ ಆ ಉಪಾಧ್ಯಾಯರಿಗೆ ಮುಪ್ಪಿನ ಆಸರೆ ಅದೊಂದೇ ಆಗಿತ್ತು. ಪ್ರತಿ ತಿಂಗಳ ಮೊದಲ ವಾರದಲ್ಲಿ ನಿವೃತ್ತಿವೇತನದ ದಾರಿ ನೋಡುವ ನಾನು ಇದನ್ನು ಓದಿದ ರಾತ್ರಿ ಬಹಳ ಹೊತ್ತು ನಿದ್ದೆ ಮಾಡಲಿಲ್ಲ. ಇತ್ತ, ಧನಿಕರು ಬಂದು ಸೇರಿದ ಡೊರಾಡೊ, ರಿಂಕೋನ್ ಮುಂತಾದ ಕಡಲ ತಡಿಯ ಊರುಗಳಲ್ಲಿ ಮನೆಗಳ ಬೆಲೆ ಊರವರ ಕೈಗೆಟುಕದಂತೆ ಏರಿತು. 2021ರಲ್ಲಿ ರಿಂಕೋನಿನ ಒಂದು ವಸತಿಗೃಹದವರು ಕಡಲ ದಂಡೆಯ ಮೇಲೆಯೇ ಈಜುಕೊಳ ಕಟ್ಟಹೊರಟಾಗ, ಆ ದ್ವೀಪದ ಕಾನೂನಿನಂತೆ ಸಮುದ್ರತೀರ ಸರ್ವರ ಸ್ವತ್ತೆಂಬುದನ್ನು ಜನ ಅಲ್ಲಿಯೇ ಬೀಡುಬಿಟ್ಟು ನೆನಪಿಸಬೇಕಾಯಿತು. ಬಂಡವಾಳ ಬರಲಿ, ಬೇಡವೆನ್ನುವುದಿಲ್ಲ. ಬಂದ ಅತಿಥಿಗೆ ಮಣೆ ಹಾಕುವುದು ಧರ್ಮ. ಮನೆಯ ಅಜ್ಜಿಯನ್ನೆಬ್ಬಿಸಿ ಆ ಮಣೆಯನ್ನು ಹಾಕುವುದು ಧರ್ಮವಲ್ಲ.

ದ್ವೀಪವೆಂದರೆ ಸುಖವೆಂಬ ಭಾವನೆಯನ್ನೂ ಇಲ್ಲಿಯೇ ಪರೀಕ್ಷಿಸೋಣ. 2017ರ ಸೆಪ್ಟೆಂಬರ್ 20ರಂದು ಮರಿಯಾ ಎಂಬ ಚಂಡಮಾರುತ ಆ ದ್ವೀಪದ ಮೇಲೆ ಹಾದುಹೋಯಿತು. ಸತ್ತವರು 64 ಮಂದಿಯೆಂದು ಸರಕಾರ ತಿಂಗಳುಗಟ್ಟಲೆ ಹೇಳುತ್ತಿತ್ತು. ಮರು ವರ್ಷದ ಆಗಸ್ಟಿನಲ್ಲಿ, ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು ಲೆಕ್ಕ ಹಾಕಿದ ಮೇಲೆ, ಆ ಸಂಖ್ಯೆ 2,975 ಎಂದು ಒಪ್ಪಿಕೊಂಡಿತು. ಗಾಳಿಯಿಂದಲೇ ಸತ್ತವರು ಕೆಲವರು. ದೀಪವಿಲ್ಲದೆ, ನೀರಿಲ್ಲದೆ, ಔಷಧವಿಲ್ಲದೆ ಮುಂದಿನ ತಿಂಗಳುಗಳಲ್ಲಿ ಸತ್ತವರು ಬಹಳ. ಅರುವತ್ತೈದು ದಾಟಿದ ಗಂಡಸರಲ್ಲಿ ಸಾವಿನ ಹೆಚ್ಚಳ, ಆರು ತಿಂಗಳಾಗುತ್ತ ಬಂದು ಆ ಲೆಕ್ಕದ ಅವಧಿಯೇ ಮುಗಿದರೂ, ತಗ್ಗಿರಲಿಲ್ಲ. ಬೆಟ್ಟಸೀಮೆಯ ಕೆಲವು ಮನೆಗಳಿಗೆ ವಿದ್ಯುತ್ತು ಮರಳಲು ಹೆಚ್ಚುಕಡಮೆ ಒಂದು ವರ್ಷವೇ ಹಿಡಿಯಿತು. ಆಮೇಲೆಯೂ 2022ರ ಸೆಪ್ಟೆಂಬರಿನಲ್ಲಿ, 2024ರ ಡಿಸೆಂಬರಿನ ಕಡೆಯ ದಿನ, 2025ರ ಏಪ್ರಿಲಿನಲ್ಲಿ ಇಡೀ ದ್ವೀಪ ಕತ್ತಲಾಯಿತು. ತಂಪುಪೆಟ್ಟಿಗೆಯಲ್ಲಿ ಮಧುಮೇಹದ ಔಷಧವನ್ನಿಟ್ಟುಕೊಂಡ ಮುದುಕರಿಗೆ ಇದು ಬರಿಯ ಕತ್ತಲೆಯಲ್ಲ. ಧನಿಕನ ಮನೆಗೆ ಸ್ವಂತ ವಿದ್ಯುದ್ಯಂತ್ರವಿರುತ್ತದೆ. ಮಿತ್ರರ ವರ್ಣನೆಯಲ್ಲಿ ಬಂದ ಸಂಜೆಯ ಗಾಳಿ ಒಂದೇ. ಅದು ಯಾರ ಮನೆಯ ಮಾಡನ್ನು ಹಾರಿಸುತ್ತದೆಂಬುದರಲ್ಲಿ ಭೇದ.

ಅಂಥ ಮಾಡೊಂದನ್ನು ಮತ್ತೆ ಹೊದಿಸಿದವನ ವಿಷಯ ಹೇಳಿ ಮುಂದುವರಿಯುತ್ತೇನೆ. ಬಸ್ಸು ನಡೆಸಿದ ವೃದ್ಧನ ಅಜ್ಜಿಯ ಮನೆ ಈಗಲೂ ಅಜ್ಜಿಯ ಹೆಸರಿನಲ್ಲಿದೆ. ಅಲ್ಲಿನ ಕಾನೂನಿನಂತೆ ಮಕ್ಕಳ ಭಾಗವನ್ನು ಯಾರೂ ಸಂಪೂರ್ಣವಾಗಿ ತಪ್ಪಿಸುವಂತಿಲ್ಲ. ತಲೆಮಾರು ಕಳೆದಂತೆಲ್ಲ ಒಂದು ಸಣ್ಣ ಮನೆಗೆ ಹತ್ತಿಪ್ಪತ್ತು ಮಂದಿ ವಾರಸುದಾರರು, ಅವರಲ್ಲಿ ಅರ್ಧ ಜನ ಸಾವಿರ ಮೈಲಿಯಾಚೆ. ವಿಭಾಗವಾಗದ ಆಸ್ತಿಯ ಸಂಗತಿ ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮರಿಯಾ ಚಂಡಮಾರುತದ ತರುವಾಯ ಕೇಂದ್ರದ ನೆರವನ್ನು ಕೇಳಿದವರಲ್ಲಿ ಸಾವಿರಾರು ಮಂದಿಗೆ, ಮನೆ ನಿಮ್ಮದೆಂಬುದಕ್ಕೆ ಪತ್ರವಿಲ್ಲವೆಂದು ನೆರವು ತಪ್ಪಿತು. ಈ ದೊಡ್ಡಪ್ಪನ ಮಗನೂ ಅವರಲ್ಲೊಬ್ಬ. ಅವನು ನೆರೆಹೊರೆಯವರನ್ನು ಕೂಡಿಕೊಂಡು ತಗಡು ಹೊಡೆದ. ನ್ಯೂಯಾರ್ಕಿನಿಂದ ತಮ್ಮ ಹಣ ಕಳುಹಿಸಿದ. ಅಕ್ಕ, ಆ ಮಾಸಾಶನದಲ್ಲಿ ಉಳಿಸಿ, ಮೊಳೆಗೆಂದು ಇಪ್ಪತ್ತು ಡಾಲರು ಕಳುಹಿಸಿದಳು. ಆ ಇಪ್ಪತ್ತು ಡಾಲರಿನ ಮಾತನ್ನು ಅವಳು ಎರಡು ಸಲ ಹೇಳಿದಳು. ಅದರಲ್ಲಿ ಅವಳಿಗೊಂದು ಹೆಮ್ಮೆಯಿತ್ತು.

ಬೇರೆಂದರೆ ಇದೇ. ಬೇರೆಂದರೆ ಹಳೆಯ ಚಿತ್ರಪಟವಲ್ಲ, ಸಂಜೆಯ ಹಾಡಲ್ಲ, ಬೇರೆಂದರೆ ಋಣ. ಮೂರು ಋಣಗಳನ್ನು ತೀರಿಸಿದ ಮೇಲಲ್ಲದೆ ಮನಸ್ಸನ್ನು ಮೋಕ್ಷದ ಕಡೆ ತಿರುಗಿಸಕೂಡದೆಂದು ಅದೇ ಮನುಸ್ಮೃತಿ ವಿಧಿಸುತ್ತದೆ. ಮರಳಬೇಕೆಂಬವರಿಗೂ ನಾನು ಇಲ್ಲಿ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಹೊರಗಿದ್ದು ಕನಸು ಕಂಡವನಿಗಾಗಿ ದ್ವೀಪ ಎಪ್ಪತ್ತು ವರ್ಷ ಕದಲದೆ ಕಾದು ಕುಳಿತಿಲ್ಲ. ಅದನ್ನು ಅಲ್ಲಿ ಉಳಿದವರು ಹಿಡಿದು ನಿಲ್ಲಿಸಿದ್ದಾರೆ. ಮರಳುವವನು ಮೊದಲು ಅವರಿಗೆ ಕೈಮುಗಿದು, ಅನಂತರ ಜಗಲಿಯಲ್ಲಿ ಕುಳಿತುಕೊಳ್ಳಬೇಕು. ತನ್ನ ಪಾಲೆಷ್ಟೆಂದು ಕೇಳುವುದಕ್ಕಿಂತ ಮುಂಚೆ ತನ್ನ ಸಾಲವೆಷ್ಟೆಂದು ಕೇಳಬೇಕು. ಹಾಗೆ ಹೋಗುವವನ ದ್ವೀಪವಾಸಕ್ಕೆ ವಾನಪ್ರಸ್ಥವೆಂಬ ಹೆಸರು ಸಲ್ಲಬಹುದೇನೋ. ಅಂಥವನು ಏನನ್ನಾದರೂ ಕೊಡುವುದಕ್ಕಾಗಿ ಹೋಗುತ್ತಾನೆ.

ಮಹಾಭಾರತದ ವನಪರ್ವದಲ್ಲಿ ಯಕ್ಷನು ಸುಖಿ ಯಾರೆಂದು ಕೇಳಿದಾಗ ಧರ್ಮರಾಯನು ಕೊಟ್ಟ ಉತ್ತರ ವಾಚಕರಿಗೆ ಗೊತ್ತೇ ಇದೆ. ಸಾಲವಿಲ್ಲದೆ, ಪರಸ್ಥಳದ ವಾಸವಿಲ್ಲದೆ, ಹೊತ್ತು ಮೀರಿಯಾದರೂ ಸರಿ, ತನ್ನ ಮನೆಯಲ್ಲಿ ಸೊಪ್ಪನ್ನು ಬೇಯಿಸಿಕೊಂಡು ತಿನ್ನುವವನೇ ಸುಖಿಯೆಂಬುದು ಅದರ ತಾತ್ಪರ್ಯ. ಹನ್ನೆರಡು ವರ್ಷ ಕಾಡಿನಲ್ಲಿದ್ದವನ ಅನುಭವದ ಮಾತದು. ಅವನು ಬೇಡವೆಂದ ಎರಡೂ, ಸಾಲವೂ ಪರವಾಸವೂ, ಆ ದ್ವೀಪದವರ ತಲೆಯ ಮೇಲೆ ಬಂದು ಬಿದ್ದಿವೆ. ಅವರ ಸರಕಾರ ಸಾಲಗಾರ. ಅವರ ಸಂತಾನ ಪರವಾಸಿ. ಆ ಅಕ್ಕ ಬಯಸುವುದು ಸೊಪ್ಪು ಬೇಯಿಸುವ ಸುಖವನ್ನು ಮಾತ್ರ. ಅದಕ್ಕೆ ಅವಳು ತೆರಬೇಕಾದ ಬೆಲೆ ತಿಂಗಳ ಅನ್ನ.

ಕಡೆಯದಾಗಿ ಕೂಪಮಂಡೂಕ. ಮಿತ್ರರು ಮಂಡೂಕವನ್ನು ಕರೆದದ್ದು ಒಳ್ಳೆಯದೇ ಆಯಿತು. ಆ ದ್ವೀಪದಲ್ಲಿ ಕೋಕಿ ಎಂಬ ಒಂದು ಕಪ್ಪೆಯುಂಟು. ಹೆಬ್ಬೆರಳಿನ ತುದಿಯಷ್ಟು ಗಾತ್ರ. ಸೂರ್ಯ ಮುಳುಗಿದೊಡನೆ ಗಂಡು ಕಪ್ಪೆಗಳು ಆ ಹೆಸರನ್ನೇ ಎರಡು ಸ್ವರದಲ್ಲಿ ಕೂಗತೊಡಗುತ್ತವೆ; ಅಷ್ಟು ಸಣ್ಣ ಪ್ರಾಣಿಯಿಂದ ಅಷ್ಟು ದೊಡ್ಡ ಧ್ವನಿ ಹೊರಟೀತೆಂದು ಕೇಳದವರು ನಂಬಲಾರರು. ದ್ವೀಪದವರಿಗೆ ಅದು ಜೋಗುಳ. ತಾವು ಇಲ್ಲಿನವರೆಂದು ಹೇಳಬೇಕಾದರೆ ಆ ಕಪ್ಪೆಯನ್ನೇ ಸಾಕ್ಷಿ ಕರೆಯುತ್ತಾರೆ. ಅದೇ ಕಪ್ಪೆ 1980ರ ದಶಕದ ಕೊನೆಯಲ್ಲಿ ಗಿಡಗಳ ಕುಂಡಗಳೊಡನೆ ಹವಾಯಿ ದ್ವೀಪಕ್ಕೆ ಹೋಗಿ ಸೇರಿತು. ಅಲ್ಲಿ ಅದನ್ನು ತಿನ್ನುವ ಹಾವಿಲ್ಲ, ತಡೆಯುವವರಿಲ್ಲ; ಮಿತಿಮೀರಿ ಬೆಳೆದು, ರಾತ್ರಿಯೆಲ್ಲ ಕಿವಿ ಕೊರೆದು, ಅಲ್ಲಿನವರಿಗೆ ಪೀಡೆಯಾಯಿತು. ಕಪ್ಪೆ ಒಂದೇ, ಕೂಗು ಒಂದೇ. ಒಂದು ನೆಲದಲ್ಲಿ ಸಂಗೀತ, ಇನ್ನೊಂದರಲ್ಲಿ ಉಪದ್ರವ. ಸ್ಥಳಕ್ಕೂ ಜೀವಕ್ಕೂ ಇರುವ ಸಂಬಂಧ ವ್ಯಾಮೋಹವೆನ್ನುವ ಮಿತ್ರರು ಇದಕ್ಕೆ ಸಮಾಧಾನ ಹೇಳಲಿ. ಬೇರೆ ಊರಿನಲ್ಲಿ ಯಾರೂ ನೆಲಸಕೂಡದೆಂದು ನಾನು ಹೇಳುತ್ತಿಲ್ಲ. ನನ್ನ ಮಗಳೇ ನೆಲಸಿದ್ದಾಳೆ. ಹೊಸಬನು ಬಂದ ನೆಲದ ಮಿತಿಯನ್ನು ಅರಿತು ಬಾಳಬೇಕು. ಹಳಬನಿಗೆ ಮರಳುವ ದಾರಿಯನ್ನು ಯಾರೂ ಮುಚ್ಚಬಾರದು. ಇಷ್ಟೇ ನನ್ನ ಸಿದ್ಧಾಂತ.

ಮಿತ್ರರಲ್ಲಿ ನನ್ನದೊಂದು ಪ್ರಾರ್ಥನೆ. ಮುಂದಿನ ಸಂಚಿಕೆಯಲ್ಲಿ ಅವರು ಉತ್ತರ ಬರೆಯುವುದಾದರೆ, ಮೂರನೆಯ ಅಂಗವನ್ನಾದರೂ ಹಿಂತೆಗೆದುಕೊಳ್ಳಲಿ. ತೆಂಗಿನ ತೋಪಿನ ವರ್ಣನೆ ಹಾಗೆಯೇ ಇರಲಿ, ನನ್ನ ಆಕ್ಷೇಪಣೆಯಿಲ್ಲ. ಒಂದು ದೇಶದ ಯೋಗ್ಯತೆಯನ್ನು ಅಲ್ಲಿಗೆ ವಿಹಾರಕ್ಕೆ ಬರುವವನನ್ನು ಅದು ಹೇಗೆ ಬರಮಾಡಿಕೊಳ್ಳುತ್ತದೆಂಬುದರಿಂದ ಅಳೆಯಬಾರದು; ಬರಿಗೈಯಲ್ಲಿ ಮನೆಗೆ ಮರಳುವ ತನ್ನ ಮುದುಕಿಯನ್ನು ಹೇಗೆ ಬರಮಾಡಿಕೊಳ್ಳುತ್ತದೆಂಬುದರಿಂದ ಅಳೆಯಬೇಕು. ನಾನು ಊರಿಗೆ ಹೊರಡುವ ಹಿಂದಿನ ದಿನ ಆ ಅಕ್ಕ ನನ್ನನ್ನು ಒಂದೇ ಪ್ರಶ್ನೆ ಕೇಳಿದಳು: ನಿಮ್ಮ ಊರಿನಲ್ಲಿ ನಿಮಗೆ ಮನೆಯಿದೆಯೆ? ಇದೆಯೆಂದೆ. ನಿಮ್ಮ ಸರಕಾರ ಕೊಡುವ ವೇತನ ಅಲ್ಲಿಗೆ ಬರುತ್ತದೆಯೆ? ಎಂದು ಮತ್ತೆ ಕೇಳಿದಳು. ಬರುತ್ತದೆಯೆಂದೆ. ಹಾಗಾದರೆ ಬೇಗ ಹೋಗಿ, ಎಂದಳು.